ವಾರಕ್ಕೆ ಹದಿನೈದು ನಿಮಿಷ

ಈ ಕತೆ ಶುರುವಾಗುವುದು ಕಿವಿಯಿಂದ. ಆತಂಕ, ಖಿನ್ನತೆ, ಆನ್‌ಲೈನ್ ಚಿಕಿತ್ಸೆ ಅಂತ ಕರಪತ್ರದಲ್ಲಿ ಹಾಕಿಸಿ ಇಲ್ಲಿ ಬಂದು ಕಿವಿ ಎನ್ನುತ್ತಿದ್ದಾರಲ್ಲ ಅಂದುಕೊಳ್ಳಬೇಡಿ, ಅಲ್ಲಿಗೇ ಬರುತ್ತೇನೆ. ಕೆಲವರಿಗೆ ಹಗಲೂ ರಾತ್ರಿ ಕಿವಿಯೊಳಗೆ ಗುಂಯ್ ಅಂತ ಒಂದು ಸದ್ದು. ಪಕ್ಕದಲ್ಲಿ ಮಲಗಿದವರಿಗೆ ಅದು ಕೇಳಿಸುವುದಿಲ್ಲ. ಟಿನಿಟಸ್ ಎಂದು ಹೆಸರು. ಆ ಸದ್ದನ್ನು ಅಳಿಸಿಹಾಕುವ ಮಾತ್ರೆ ಇಲ್ಲ. ಆದರೆ ಸದ್ದು ಇದ್ದರೂ ನಿದ್ದೆ ಮಾಡುವುದು ಹೇಗೆ, ಮನಸ್ಸು ಅದರ ಹಿಂದೆಯೇ ಓಡದ ಹಾಗೆ ನೋಡಿಕೊಳ್ಳುವುದು ಹೇಗೆ, ‘ಇನ್ನು ನನ್ನ ಜೀವನ ಮುಗೀತು’ ಎಂಬ ಯೋಚನೆ ಬಂದಾಗ ಅದನ್ನು ಹಿಡಿದು ನಿಲ್ಲಿಸಿ ‘ಹೌದಾ?’ ಅಂತ ಕೇಳುವುದು ಹೇಗೆ, ಇದನ್ನೆಲ್ಲ ಕಲಿಸಬಹುದು. ಕಲಿಸುವುದು ಮನಶ್ಶಾಸ್ತ್ರಜ್ಞರ ಕೆಲಸ.

1990ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಗೆರ್ಹಾರ್ಡ್ ಆಂಡರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ರೋಗಿಗಳ ಜೊತೆ ಕೆಲಸ ಮಾಡುತ್ತಿದ್ದರು. ಸ್ವೀಡನ್ ನಕ್ಷೆ ನೋಡಿದ್ದೀರಾ? ತೆಳ್ಳಗೆ, ಉದ್ದಕ್ಕೆ, ತುದಿಯಿಂದ ತುದಿಗೆ ಸುಮಾರು 1,570 ಕಿಲೋಮೀಟರ್. ಜನ ಈಗಲೂ ಒಂದು ಕೋಟಿ ಚಿಲ್ಲರೆ, ಅಂದರೆ ನಮ್ಮ ಬೆಂಗಳೂರಿಗಿಂತ ಕಡಿಮೆ. ಇಂಥ ಚಿಕಿತ್ಸೆ ಬಲ್ಲವರು ನಾಲ್ಕು ಊರುಗಳಲ್ಲಿ, ಬೇಕಾದವರು ಎಲ್ಲೆಲ್ಲೋ. ಆದರೆ ಆ ದೇಶಕ್ಕೆ ಒಂದು ಅನುಕೂಲವೂ ಇತ್ತು. 1998ರಲ್ಲಿ ಅಲ್ಲಿನ ಸರ್ಕಾರ ತೆರಿಗೆ ನಿಯಮ ಬದಲಿಸಿ, ನೌಕರರು ತಮ್ಮ ಕಂಪನಿಯ ಮೂಲಕ ಕಡಿಮೆ ಖರ್ಚಿನಲ್ಲಿ ಮನೆಗೆ ಕಂಪ್ಯೂಟರ್ ತರುವ ಹಾಗೆ ಮಾಡಿತ್ತು. ಮನೆಮನೆಗೆ ಕಂಪ್ಯೂಟರ್ ಬಂತು. ಆಂಡರ್ಸನ್ ಮತ್ತು ಅವರ ಸಹೋದ್ಯೋಗಿ ಲಾರ್ಸ್ ಸ್ಟ್ರೋಮ್ ಯೋಚಿಸಿದ್ದು ಇಷ್ಟೇ: ನಾವು ಕೊಠಡಿಯಲ್ಲಿ ಕೂರಿಸಿಕೊಂಡು ಹೇಳುವುದನ್ನೇ ಬರೆದು, ವಾರವಾರ ಕಳಿಸಿ, ಅವರು ಬರೆದ ಉತ್ತರಕ್ಕೆ ನಾವು ಉತ್ತರ ಬರೆದರೆ ಏನಾಗುತ್ತದೆ?

ತಲೆನೋವು ಮತ್ತು ಕಿವಿಯ ಸದ್ದು, ಈ ಎರಡರ ಮೇಲೆ ಮೊದಲು ಪ್ರಯೋಗ ಮಾಡಿದರು. ಫಲ ಸಿಕ್ಕಿತು. ಇದೇ ಹೊತ್ತಿಗೆ ಆಮ್‌ಸ್ಟರ್‌ಡಾಮಿನಲ್ಲಿ ಆಲ್ಫ್ರೆಡ್ ಲಾಂಗೆ ಎಂಬವರು ಆಘಾತ ಅನುಭವಿಸಿದವರಿಗೆ ಬರವಣಿಗೆಯ ಮೂಲಕವೇ ಚಿಕಿತ್ಸೆ ಕೊಡುತ್ತಿದ್ದರು, ಆಸ್ಟ್ರೇಲಿಯಾದಲ್ಲೂ ಒಂದೆರಡು ತಂಡಗಳಿದ್ದವು. ಆಂಡರ್ಸನ್ ಒಬ್ಬರೇ ಕಂಡುಹಿಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಇಪ್ಪತ್ತೈದು ವರ್ಷ ಬಿಡದೆ ಒಂದಾದ ಮೇಲೊಂದು ತೊಂದರೆ ಎತ್ತಿಕೊಂಡು, ಇದ್ದಕ್ಕಿದ್ದಂತೆ ಎರಗುವ ದಿಗಿಲು (ಪ್ಯಾನಿಕ್), ಖಿನ್ನತೆ, ಜನರ ಭಯ, ಮುಗಿಯದ ಚಿಂತೆ, ಪ್ರತಿಯೊಂದನ್ನೂ ಪರೀಕ್ಷೆಗೆ ಒಡ್ಡಿದವರು ಅವರು ಮತ್ತು ಅವರ ಶಿಷ್ಯರು. ಈಗ ಅವರು ಪ್ರಾಧ್ಯಾಪಕರಾಗಿರುವ ಊರಿನ ಹೆಸರು ಇಂಗ್ಲಿಷಿನಲ್ಲಿ ಓದಿದರೆ ಲಿಂಕೋಪಿಂಗ್, ಅಲ್ಲಿನವರ ಬಾಯಲ್ಲಿ ಲಿನ್‌ಶೋಪಿಂಗ್. ನಾನು ವಿದ್ಯಾರ್ಥಿಗಳ ಮುಂದೆ ವರ್ಷಗಟ್ಟಲೆ ತಪ್ಪಾಗಿಯೇ ಹೇಳಿದ್ದೇನೆ.

ಒಂದು ಗೊಂದಲ ಮೊದಲೇ ಬಗೆಹರಿಸಿಕೊಳ್ಳೋಣ. ಆನ್‌ಲೈನ್ ಚಿಕಿತ್ಸೆ ಅಂದ ತಕ್ಷಣ ನಿಮ್ಮ ಕಣ್ಣಮುಂದೆ ಬರುವುದು ವಿಡಿಯೋ ಕಾಲ್. ಕೋವಿಡ್ ಬಂದಾಗ ನಾವೆಲ್ಲ ಅದನ್ನು ಮಾಡಿದೆವು. ಅದು ಕೊಠಡಿಯನ್ನು ಫೋನಿನೊಳಗೆ ಸಾಗಿಸಿದ್ದು, ಅಷ್ಟೇ. ಐವತ್ತು ನಿಮಿಷ ಐವತ್ತು ನಿಮಿಷವೇ. ನಾನು ಹೇಳುತ್ತಿರುವುದು ಬೇರೆ. ಇದರಲ್ಲಿ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಇದು ಹೆಚ್ಚು ಕಡಿಮೆ ಅಂಚೆ ತೆರಪಿನ ಶಿಕ್ಷಣದ ಹಾಗೆ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಸುಮಾ ಅಂತ ಇಟ್ಟುಕೊಳ್ಳಿ. ಇಂಥವರೊಬ್ಬರು ಇಲ್ಲ, ಆದರೆ ನಾನು ನೋಡಿದ ಹತ್ತಾರು ಜನರಿಂದ ಒಂದೊಂದು ಎಳೆ ತೆಗೆದು ಹೆಣೆದಿದ್ದೇನೆ. ದಾವಣಗೆರೆಯಲ್ಲಿ ಕೆಲಸ, ಮೂವತ್ತೆರಡು ವರ್ಷ. ಕಚೇರಿಯ ಮೀಟಿಂಗಿನಲ್ಲಿ ಬಾಯಿ ತೆರೆಯಬೇಕಾದರೆ ಎದೆ ಡವಡವ, ಕೈ ಬೆವರು, ಮುಖ ಕೆಂಪು. ಯಾರಾದರೂ ನೋಡುತ್ತಿದ್ದರೆ ಸಹಿ ಹಾಕಲು ಕೈ ನಡುಗುತ್ತದೆ. ಮದುವೆಮನೆಗೆ ಹೋದರೆ ಊಟದ ಪಂಕ್ತಿಯಲ್ಲಿ ಕೂರುವುದಿಲ್ಲ, ಎಲ್ಲರೂ ಎದ್ದ ಮೇಲೆ ಅಡುಗೆಯವರ ಜೊತೆ ಉಣ್ಣುತ್ತಾಳೆ. ಮನೆಯವರು ‘ನಾಚಿಕೆ ಸ್ವಭಾವ’ ಅಂತಾರೆ. ಇದು ನಾಚಿಕೆ ಅಲ್ಲ, ಸಾಮಾಜಿಕ ಆತಂಕ. ಈಗ ಹೇಳಿ, ಇವಳಿಗೆ ನಾನು ‘ಬಾಮ್ಮಾ, ಕ್ಲಿನಿಕ್ಕಿಗೆ ಬಂದು ಹೊರಗೆ ಹದಿನೈದು ಜನರ ಮಧ್ಯೆ ಕೂತು, ನಿನ್ನ ಹೆಸರು ಕರೆದಾಗ ಎಲ್ಲರೂ ನೋಡುವಾಗ ಎದ್ದು ಒಳಗೆ ಬಾ’ ಎಂದರೆ? ಯಾವುದಕ್ಕೆ ಹೆದರುತ್ತಾಳೋ ಅದನ್ನೇ ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಕಾಯಿಲೆಯೇ ಚಿಕಿತ್ಸೆಯ ದಾರಿಗೆ ಅಡ್ಡ ಮಲಗಿದೆ.

ಸ್ವೀಡನ್ನಿನ ಪದ್ಧತಿಯಲ್ಲಾದರೆ ಸುಮಾ ಮೊದಲು ಮನೆಯಿಂದಲೇ ಪ್ರಶ್ನಾವಳಿಗಳನ್ನು ತುಂಬುತ್ತಾಳೆ. ಆಮೇಲೆ ಒಬ್ಬರು ಫೋನಿನಲ್ಲೋ ಎದುರಲ್ಲೋ ಒಮ್ಮೆ ಮಾತಾಡಿ ತೊಂದರೆ ಏನು ಅಂತ ಖಚಿತ ಮಾಡಿಕೊಳ್ಳುತ್ತಾರೆ. ಇದನ್ನು ಬಿಡುವ ಹಾಗಿಲ್ಲ. ಸಾಯುವ ಯೋಚನೆ ಬಲವಾಗಿದ್ದವರನ್ನು, ಅತಿ ಉತ್ಸಾಹಕ್ಕೂ ಖಿನ್ನತೆಗೂ ನಡುವೆ ಮನಸ್ಸು ತೂಗಾಡುವ ಬೈಪೋಲಾರ್ ಕಾಯಿಲೆ ಇದ್ದವರನ್ನು ಇಲ್ಲಿಂದ ಬೇರೆ ಕಡೆಗೆ ಕಳಿಸುತ್ತಾರೆ. ಆಮೇಲೆ ವಾರಕ್ಕೊಂದು ಪಾಠ, ಎಂಟರಿಂದ ಹತ್ತು ವಾರ. ಮೊದಲ ಪಾಠದಲ್ಲಿ ಭಯ ಅಂದರೇನು, ದೇಹ ಯಾಕೆ ಹಾಗೆ ಆಡುತ್ತದೆ. ಎರಡನೆಯದರಲ್ಲಿ ಅವಳದೇ ಒಂದು ಘಟನೆ ತೆಗೆದುಕೊಂಡು ಬರೆಯಬೇಕು: ಆಗ ಏನು ಯೋಚನೆ ಬಂತು, ಮೈಯಲ್ಲಿ ಏನಾಯಿತು, ನೀನು ಏನು ಮಾಡಿದೆ. ‘ಎಲ್ಲರೂ ನನ್ನ ಕೈ ನಡುಗುವುದನ್ನೇ ನೋಡುತ್ತಿದ್ದಾರೆ’ ಎಂದು ಬರೆದರೆ, ಅದಕ್ಕೆ ಪುರಾವೆ ಏನು? ಮೂರು, ನಾಲ್ಕನೆಯ ವಾರದ ಹೊತ್ತಿಗೆ ಭಯದ ಮೆಟ್ಟಿಲು ಕಟ್ಟುತ್ತಾರೆ. ಕೆಳಗಿನ ಮೆಟ್ಟಿಲು: ಅಂಗಡಿಯಲ್ಲಿ ಚಿಲ್ಲರೆ ಕೇಳುವುದು. ಮಧ್ಯದಲ್ಲಿ: ಮೀಟಿಂಗಿನಲ್ಲಿ ಒಂದು ಪ್ರಶ್ನೆ ಕೇಳುವುದು. ಮೇಲಿನದು: ಪಂಕ್ತಿಯಲ್ಲಿ ಕೂತು ಉಣ್ಣುವುದು. ಅವಳು ಹತ್ತಬೇಕು, ಹತ್ತಿ ಬಂದು ಬರೆಯಬೇಕು.

ಆ ಬರಹ ಒಬ್ಬರಿಗೆ ತಲುಪುತ್ತದೆ. ಅವರು ಓದಿ, ಒಂದೆರಡು ದಿನದೊಳಗೆ ಉತ್ತರಿಸುತ್ತಾರೆ: ‘ಚಿಲ್ಲರೆ ಕೇಳಿದ್ದು ಒಳ್ಳೆಯದಾಯಿತು. ನೀವು ಕೇಳುವಾಗ ಕಣ್ಣು ಎಲ್ಲಿತ್ತು? ಮುಂದಿನ ಸಲ ಅಂಗಡಿಯವರ ಮುಖ ನೋಡಿ ಕೇಳಿ.’ ಇಂಥ ನಾಲ್ಕೈದು ಸಾಲು. ಪ್ರತಿ ರೋಗಿಗೆ ಥೆರಪಿಸ್ಟ್ ಕೊಡುವ ಸಮಯ ವಾರಕ್ಕೆ ಹತ್ತರಿಂದ ಹದಿನೈದು ನಿಮಿಷ.

ಇದರ ಲೆಕ್ಕ ಹಾಕಿ. ನಾನು ವಾರಕ್ಕೆ ಇಪ್ಪತ್ತು ಗಂಟೆ ರೋಗಿಗಳನ್ನು ನೋಡಿದರೆ ಎದುರು ಕೂರಿಸಿಕೊಂಡು ಇಪ್ಪತ್ತು ಜನ. ಹದಿನೈದು ನಿಮಿಷದ ಲೆಕ್ಕದಲ್ಲಿ ಎಂಬತ್ತು ಜನ. ಲೆಕ್ಕ ಚೆನ್ನಾಗಿದೆ, ಆದರೆ ಚಿಕಿತ್ಸೆ ಕಾಲುಭಾಗಕ್ಕೆ ಇಳಿದಿದ್ದರೆ? ಆಂಡರ್ಸನ್ ಅವರ ನಿಜವಾದ ಕೆಲಸ ಇರುವುದು ಈ ಪ್ರಶ್ನೆಗೆ ಉತ್ತರ ಹುಡುಕಿದ್ದರಲ್ಲಿ.

2005ರಲ್ಲಿ ಖಿನ್ನತೆಯ ಪ್ರಯೋಗ ಪ್ರಕಟವಾಯಿತು. 117 ಜನ. ಒಂದು ಗುಂಪಿಗೆ ಪಾಠ, ಉತ್ತರ, ಜೊತೆಗೆ ಆನ್‌ಲೈನಿನಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಚರ್ಚಾಕೂಟ. ಇನ್ನೊಂದಕ್ಕೆ ಚರ್ಚಾಕೂಟ ಮಾತ್ರ. ಸುಮ್ಮನೆ ಮನಸ್ಸಿನ ಭಾರ ಹಂಚಿಕೊಂಡರೆ ಹಗುರಾಗುತ್ತದೆ ಅಂತ ನಾವೆಲ್ಲ ನಂಬುತ್ತೇವಲ್ಲ, ಅದಕ್ಕೇ ಈ ಹೋಲಿಕೆ ನನಗೆ ಇಷ್ಟ. ಪಾಠ ಪಡೆದವರು ಮುಂದೆ ಬಂದರು, ಆರು ತಿಂಗಳ ಮೇಲೆಯೂ ಆ ಗುಣ ಬಹುಮಟ್ಟಿಗೆ ಉಳಿದಿತ್ತು. ಮಧ್ಯದಲ್ಲೇ ಬಿಟ್ಟುಹೋದವರೂ ಕಡಿಮೆ ಇರಲಿಲ್ಲ, ಅದನ್ನೂ ಅವರೇ ಬರೆದುಕೊಂಡಿದ್ದಾರೆ. 2011ರಲ್ಲಿ ಸ್ಟಾಕ್‌ಹೋಮಿನ ಆಸ್ಪತ್ರೆಯಲ್ಲಿ ನಮ್ಮ ಸುಮಾಳಂಥ 126 ಜನರನ್ನು ಎರಡು ಪಾಲು ಮಾಡಿದರು. ಅರ್ಧ ಜನಕ್ಕೆ ಇಂಟರ್ನೆಟ್ ಚಿಕಿತ್ಸೆ, ಅರ್ಧ ಜನಕ್ಕೆ ಗುಂಪಿನಲ್ಲಿ ಕೂರಿಸಿ ಚಿಕಿತ್ಸೆ. ಇಂಟರ್ನೆಟ್ ಏನೂ ಹಿಂದೆ ಬೀಳಲಿಲ್ಲ. 2014ರಲ್ಲಿ ಇಂಥ ನೇರ ಹೋಲಿಕೆ ಮಾಡಿದ 13 ಪ್ರಯೋಗಗಳನ್ನು ಒಟ್ಟು ಹಾಕಿದಾಗ, ಎದುರು ಕೂತ ಚಿಕಿತ್ಸೆಗೂ ಬರೆದು ಕಳಿಸಿದ ಚಿಕಿತ್ಸೆಗೂ ಸರಾಸರಿ ವ್ಯತ್ಯಾಸ ಸೊನ್ನೆಯ ಹತ್ತಿರ ಬಂತು. ನಾಲ್ಕು ವರ್ಷ ಬಿಟ್ಟು 20 ಪ್ರಯೋಗಗಳನ್ನು ಸೇರಿಸಿದರೂ ಅದೇ.

ಅದನ್ನು ಮೊದಲು ಓದಿದಾಗ ನನಗೆ ಸ್ವಲ್ಪ ಅವಮಾನವಾಯಿತು. ನಗಬೇಡಿ. ದನಿಯ ಏರಿಳಿತ ಗಮನಿಸಬೇಕು, ಕಣ್ಣಂಚಿನ ನೀರು ನೋಡಬೇಕು, ಮೌನವನ್ನು ಕೇಳಬೇಕು ಅಂತೆಲ್ಲ ಕಲಿತು ಇಷ್ಟು ವರ್ಷ ಕೂತಿದ್ದೇನೆ. ಆಮೇಲೆ ಪ್ರಯೋಗದಲ್ಲಿ ಯಾರಿದ್ದರು ಅಂತ ನೋಡಿದೆ. ಹೆಚ್ಚಿನವರು ಓದಿದವರು. ಜಾಹೀರಾತು ನೋಡಿ ತಾವಾಗಿಯೇ ಮುಂದೆ ಬಂದವರು, ಇಂಟರ್ನೆಟ್ ಚಿಕಿತ್ಸೆ ಸಿಕ್ಕರೂ ಸರಿ ಎಂದು ಒಪ್ಪಿ ಸೇರಿದವರು. ನನ್ನ ಕೊಠಡಿಗೆ ಮಗನ ಕೈಹಿಡಿದುಕೊಂಡು ಬಂದು ಒಂದು ಗಂಟೆ ಏನೂ ಮಾತಾಡದೆ ಹೋಗುವ ಅಜ್ಜ ಆ ಲೆಕ್ಕದಲ್ಲಿ ಇಲ್ಲ. ಆದರೆ ಸುಮಾ ಇದ್ದಾಳೆ. ಸುಮಾಳಂಥವರು ಬಹಳ ಜನ.

ಪ್ರಯೋಗದಲ್ಲಿ ಗೆದ್ದದ್ದು ಆಸ್ಪತ್ರೆಯಲ್ಲಿ ಸೋಲುವುದುಂಟು. ಅದಕ್ಕೇ 2007ರಲ್ಲಿ ಸ್ಟಾಕ್‌ಹೋಮಿನ ಸರ್ಕಾರಿ ಮನೋವೈದ್ಯ ವ್ಯವಸ್ಥೆಯೊಳಗೇ ಇಂಟರ್ನೆಟ್ ಮನೋವೈದ್ಯ ಘಟಕ ಶುರುವಾದದ್ದು ಮುಖ್ಯ. ಅಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆದ 1,203 ಜನರ ಲೆಕ್ಕ 2014ರಲ್ಲಿ ಹೊರಬಂತು, ಫಲ ಪ್ರಯೋಗದಲ್ಲಿ ಕಂಡಷ್ಟೇ ಇತ್ತು. ಆಸ್ಟ್ರೇಲಿಯಾದಲ್ಲಿ ನಿಕ್ ಟಿಟೋವ್ ಮತ್ತು ಸಂಗಡಿಗರು ಮೆಕ್ವಾರಿ ವಿಶ್ವವಿದ್ಯಾಲಯದಿಂದ ನಡೆಸುವ ಮೈಂಡ್‌ಸ್ಪಾಟ್ ಎಂಬ ಕ್ಲಿನಿಕ್ಕಿಗೆ ಕಟ್ಟಡದ ಹಂಗೇ ಇಲ್ಲ. 2013ರಿಂದ 2019ರವರೆಗಿನ ಏಳು ವರ್ಷದಲ್ಲಿ ಅದರ ಬಾಗಿಲು ತಟ್ಟಿ ಜನ ಶುರು ಮಾಡಿದ ತಪಾಸಣೆಗಳು 1,21,652.

ಇಷ್ಟು ಕೇಳಿದ ಮೇಲೆ ಜಾಣರೊಬ್ಬರು ಕೇಳುತ್ತಾರೆ: ಹಾಗಾದರೆ ಆ ಹದಿನೈದು ನಿಮಿಷ ಯಾಕೆ? ಪಾಠವನ್ನಷ್ಟೇ ಹಾಕಿಬಿಡಿ, ಬೇಕಾದವರು ಓದಿಕೊಳ್ಳುತ್ತಾರೆ. ಥೆರಪಿಸ್ಟಿನ ಸಂಬಳವೂ ಉಳಿಯಿತು.

ಇಂಗ್ಲೆಂಡ್ ಅದನ್ನು ಮಾಡಿ ನೋಡಿತು. ಅಲ್ಲಿ ಕುಟುಂಬ ವೈದ್ಯರ ಬಳಿ ಖಿನ್ನತೆಗೆ ಹೋದ 691 ಜನರನ್ನು ಮೂರು ಪಾಲು ಮಾಡಿದರು. ಒಂದಕ್ಕೆ ವೈದ್ಯರ ಮಾಮೂಲಿ ಆರೈಕೆ. ಉಳಿದೆರಡಕ್ಕೆ ಅದರ ಜೊತೆಗೆ ಒಂದೊಂದು ಕಂಪ್ಯೂಟರ್ ಕಾರ್ಯಕ್ರಮ: ಒಂದು ದುಡ್ಡು ಕೊಟ್ಟು ಕೊಳ್ಳುವಂಥದ್ದು, ಇನ್ನೊಂದು ಆಸ್ಟ್ರೇಲಿಯಾದ ಮೂಡ್‌ಜಿಮ್, ಉಚಿತ. ಫೋನ್ ಮಾಡಿ ಕಂಪ್ಯೂಟರಿನ ಸಹಾಯ ಹೇಳಿ, ಮುಂದುವರಿಸಿ ಎಂದು ಹುರಿದುಂಬಿಸುವವರು ಇದ್ದರು, ಆದರೆ ರೋಗಿ ಬರೆದದ್ದನ್ನು ಓದಿ ಉತ್ತರಿಸುವ ಥೆರಪಿಸ್ಟ್ ಇರಲಿಲ್ಲ. 2015ರಲ್ಲಿ ಫಲಿತಾಂಶ ಬಂತು: ಮಾಮೂಲಿ ಆರೈಕೆಗಿಂತ ಏನೂ ಹೆಚ್ಚಿನ ಲಾಭ ಇಲ್ಲ. ಯಾಕೆ ಅಂತ ನೋಡಿದರೆ ಕಾರಣ ಕಣ್ಣಿಗೆ ರಾಚುತ್ತದೆ. ಆರೆಂಟು ಪಾಠಗಳಲ್ಲಿ ಸಾಮಾನ್ಯವಾಗಿ ಜನ ಮುಗಿಸಿದ್ದು ಒಂದೋ ಎರಡೋ.

ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಖಿನ್ನತೆ ಅಂದರೇನು? ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಮನಸ್ಸಿಲ್ಲದ ಸ್ಥಿತಿ. ಅಂಥವರ ಕೈಗೆ ಪುಸ್ತಕ ಕೊಟ್ಟು ‘ಓದಿಕೋ, ಅಭ್ಯಾಸ ಮಾಡು’ ಅಂದರೆ, ಕಾಲು ಮುರಿದವರಿಗೆ ‘ಆಸ್ಪತ್ರೆ ಎರಡೇ ಕಿಲೋಮೀಟರ್, ನಡೆದು ಬನ್ನಿ’ ಎಂದ ಹಾಗೆ. ಆದರೆ ಇಲ್ಲೂ ಒಂದು ತಿರುವು ಇದೆ. 2021ರಲ್ಲಿ 39 ಪ್ರಯೋಗಗಳ 9,751 ಜನರ ಮಾಹಿತಿಯನ್ನು ಒಬ್ಬೊಬ್ಬರದಾಗಿ ಬಿಡಿಸಿ ನೋಡಿದಾಗ, ತೊಂದರೆ ಸಣ್ಣದಾಗಿದ್ದವರಿಗೆ ಯಾರೂ ಬೆನ್ನಿಗಿರದ ಪಾಠವೂ ಹೆಚ್ಚು ಕಡಿಮೆ ಅಷ್ಟೇ ಉಪಯೋಗವಾಗಿತ್ತು. ಬೆನ್ನಿಗೊಬ್ಬರು ಬೇಕಾದದ್ದು ತೊಂದರೆ ಮಧ್ಯಮದಿಂದ ಮೇಲಿದ್ದವರಿಗೆ. ಹಾಗಾಗಿ ಆ್ಯಪ್ ಎಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಯಾರ ಕೈಗೆ ಕೊಡುತ್ತೀರಿ ಅನ್ನುವುದು ಪ್ರಶ್ನೆ.

ಇನ್ನು ನನಗೆ ತುಂಬ ಇಷ್ಟವಾದ ಅಧ್ಯಯನಕ್ಕೆ ಬರುತ್ತೇನೆ. ಇದನ್ನು ಹೇಳಲಿಕ್ಕೇ ನಾನು ಇವತ್ತು ಬಂದದ್ದು ಎಂದರೂ ತಪ್ಪಿಲ್ಲ. ಆ ಹದಿನೈದು ನಿಮಿಷದಲ್ಲಿ ಥೆರಪಿಸ್ಟ್ ಮಾಡುವುದಾದರೂ ಏನು? ಎದುರು ಕೂತ ಚಿಕಿತ್ಸೆಯಲ್ಲಿ ಇದನ್ನು ಕಂಡುಹಿಡಿಯುವುದು ಕಷ್ಟ, ಮಾತು ಗಾಳಿಗೆ ಹೋಗುತ್ತದೆ. ಇಲ್ಲಿ ಎಲ್ಲವೂ ಅಕ್ಷರದಲ್ಲಿ ಉಳಿದಿದೆ. ಆಂಡರ್ಸನ್ ತಂಡ ಸದಾ ಚಿಂತೆಯ ತೊಂದರೆಯಿದ್ದ 44 ಜನರಿಗೆ ಮೂವರು ಥೆರಪಿಸ್ಟರು ಬರೆದ 490 ಇಮೇಲ್‌ಗಳನ್ನು ತೆಗೆದು ಸಾಲುಸಾಲಾಗಿ ಓದಿತು. ಈ ಸಾಲು ಸಹಾನುಭೂತಿ, ಈ ಸಾಲು ಪಾಠದ ವಿವರಣೆ, ಈ ಸಾಲು ಕೆಲಸ ನೆನಪಿಸಿದ್ದು, ಈ ಸಾಲು ತನ್ನ ಬಗ್ಗೆ ಹೇಳಿಕೊಂಡದ್ದು, ಹೀಗೆ ಎಂಟು ಬಗೆ ಮಾಡಿದರು. ಆಮೇಲೆ ಯಾವ ಬಗೆಯ ಸಾಲು ಹೆಚ್ಚಿದ್ದಲ್ಲಿ ರೋಗಿಗೆ ಹೆಚ್ಚು ಗುಣ ಕಂಡಿದೆ ಎಂದು ನೋಡಿದರು. 2013ರಲ್ಲಿ ಪ್ರಕಟವಾಯಿತು.

ಊಹಿಸಿ. ಸಹಾನುಭೂತಿ ಅಂತ ಹೇಳುತ್ತೀರಿ, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಗುಣದ ಜೊತೆ ನಂಟು ಕಂಡದ್ದು ‘ನೀವು ಈ ಅಭ್ಯಾಸ ಮಾಡಿದ್ದೀರಿ, ಸರಿಯಾಗಿದೆ, ಇದನ್ನೇ ಮುಂದುವರಿಸಿ’ ಎಂದು ಮಾಡಿದ ಕೆಲಸವನ್ನು ಗುರುತಿಸಿ ಹೇಳುವ ಸಾಲುಗಳಿಗೆ. ಉಲ್ಟಾ ನಂಟು ಕಂಡದ್ದು ಗಡುವು ಸಡಿಲಿಸುವ ಸಾಲುಗಳಿಗೆ. ‘ಪರವಾಗಿಲ್ಲ, ಮುಂದಿನ ವಾರ ಕಳಿಸಿ’ ಎಂದು ಹೆಚ್ಚು ಬರೆದ ಕಡೆ ಪಾಠವೂ ಮುಗಿದಿಲ್ಲ, ಗುಣವೂ ಕಡಿಮೆ.

ಇದನ್ನು ನಾನು ಹೇಳಿದಾಗಲೆಲ್ಲ ಮೇಷ್ಟರುಗಳು ಬಹಳ ಖುಷಿಪಡುತ್ತಾರೆ. ಅಲ್ಲಿ ಹಿಂದೆ ಕೂತವರೊಬ್ಬರು ಆಗಲೇ ತಲೆ ಆಡಿಸುತ್ತಿದ್ದಾರೆ. ಸ್ವಲ್ಪ ತಾಳಿ ಸರ್. ಮೂವರೇ ಥೆರಪಿಸ್ಟರು, 44 ಜನ, ಸಣ್ಣ ಅಧ್ಯಯನ. ಯಾರ ಸ್ಥಿತಿ ಬಿಗಡಾಯಿಸುತ್ತಿತ್ತೋ ಅವರೇ ಹೆಚ್ಚು ಸಮಯ ಕೇಳಿರಬಹುದು. ಆಗ ಗಡುವು ಸಡಿಲಿಸಿದ್ದು ಕಾರಣವಲ್ಲ, ಲಕ್ಷಣ. ಆದರೂ ನನ್ನ ಅನುಭವ ಆಂಡರ್ಸನ್ ಪರವೇ ಇದೆ. ‘ಗುರುವಾರ ನಿಮ್ಮ ಬರಹಕ್ಕೆ ಕಾಯುತ್ತಿರುತ್ತೇನೆ’ ಎಂಬ ಮಾತಿನಲ್ಲಿ ಏನೋ ಇದೆ. ಖಿನ್ನತೆ ಇರುವವರಿಗೆ ತನಗಾಗಿ ಯಾರೂ ಕಾಯುತ್ತಿಲ್ಲ ಎಂದು ಅನಿಸುತ್ತಿರುತ್ತದೆ. ಗುರುವಾರ ಒಬ್ಬರು ಕಾಯುತ್ತಾರೆ.

ಆ ಒಬ್ಬರು ಯಾರಾಗಿರಬೇಕು? ಪಿಎಚ್.ಡಿ. ಮಾಡಿದವರೇ ಬೇಕಾ? ಸಿಡ್ನಿಯಲ್ಲಿ ಟಿಟೋವ್ ತಂಡ 2010ರಲ್ಲಿ ಇದನ್ನೂ ಪರೀಕ್ಷಿಸಿತು. ಖಿನ್ನತೆ ಇದ್ದವರಲ್ಲಿ ಕೆಲವರಿಗೆ ತರಬೇತಾದ ಮನಶ್ಶಾಸ್ತ್ರಜ್ಞರು ಉತ್ತರಿಸಿದರು, ಕೆಲವರಿಗೆ ಆ ಓದು ಇಲ್ಲದ ಸಹಾಯಕರು ಉತ್ತರಿಸಿದರು. ಸಹಾಯಕರಿಗೆ ಸೂಚನೆ: ನೀವಾಗಿ ಚಿಕಿತ್ಸೆಯ ಸಲಹೆ ಕೊಡಬೇಡಿ, ಹುರಿದುಂಬಿಸಿ, ಪಾಠದ ಕಡೆ ತಿರುಗಿಸಿ. ಮೇಲೆ ನೋಡಿಕೊಳ್ಳಲು ತಜ್ಞರಿದ್ದರು. ಎರಡೂ ಕಡೆ ಸುಧಾರಣೆ ಒಂದೇ ಬಗೆಯದಾಗಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಅಪಾಯವೇನೂ ಇಲ್ಲವೇ ಎಂದು ಕೇಳುವುದು ನ್ಯಾಯ. ಆಂಡರ್ಸನ್ ತಂಡದಲ್ಲೇ ಇದ್ದ ಅಲೆಕ್ಸಾಂಡರ್ ರೋಸೆಂತಾಲ್ ಈ ಪ್ರಶ್ನೆಯ ಬೆನ್ನು ಹತ್ತಿದರು. 2,866 ಜನರ ಮಾಹಿತಿಯಲ್ಲಿ ಚಿಕಿತ್ಸೆ ಪಡೆದೂ ಸ್ಥಿತಿ ಕೆಟ್ಟವರು ಶೇಕಡಾ 5.8. ಚಿಕಿತ್ಸೆಗೆ ಕಾಯುತ್ತಿದ್ದ ಅಥವಾ ಹೋಲಿಕೆಯ ಗುಂಪಿನಲ್ಲಿದ್ದವರಲ್ಲಿ ಕೆಟ್ಟವರು ಶೇಕಡಾ 17.4. ಅಂದರೆ ಕಾಯಿಸುವುದರಲ್ಲೇ ಅಪಾಯ ಹೆಚ್ಚು. ಆದರೆ ಅಂಕಿಯಲ್ಲಿ ಸಿಗದ ಇನ್ನೊಂದು ಅಪಾಯವಿದೆ. ಸ್ವೀಡನ್ನಿನ ಪಕ್ಕದ ಫಿನ್‌ಲೆಂಡಿನಲ್ಲಿ ವಾಸ್ತಾಮೋ ಎಂಬ ಮಾನಸಿಕ ಚಿಕಿತ್ಸಾ ಸಂಸ್ಥೆಯ ಕಂಪ್ಯೂಟರಿನಿಂದ ಸುಮಾರು 33,000 ರೋಗಿಗಳ ದಾಖಲೆ ಕಳುವಾಯಿತು. 2020ರ ಅಕ್ಟೋಬರಿನಲ್ಲಿ ಆ ರೋಗಿಗಳಿಗೇ ನೇರ ಇಮೇಲ್ ಬಂತು: ಹಣ ಕೊಡಿ, ಇಲ್ಲದಿದ್ದರೆ ನೀವು ಥೆರಪಿಸ್ಟ್ ಹತ್ತಿರ ಹೇಳಿದ್ದನ್ನೆಲ್ಲ ಎಲ್ಲರ ಮುಂದೆ ಇಡುತ್ತೇವೆ. ಅವರು ಪಡೆದದ್ದು ಎದುರು ಕೂತ ಚಿಕಿತ್ಸೆ, ಕಂಪ್ಯೂಟರಿನಲ್ಲಿ ಇದ್ದದ್ದು ಟಿಪ್ಪಣಿ ಮಾತ್ರ. ಚಿಕಿತ್ಸೆಯೇ ಬರಹವಾದರೆ? ನಮ್ಮಲ್ಲಿ ಅಷ್ಟು ದೂರದ ಕಳ್ಳನೂ ಬೇಕಿಲ್ಲ. ಫೋನಿನ ಪಾಸ್‌ವರ್ಡ್ ಗಂಡನಿಗೆ, ಅತ್ತೆಗೆ, ಮಗನಿಗೆ ಗೊತ್ತು. ‘ಅಮ್ಮ, ಇದ್ಯಾವ ಮೆಸೇಜು?’ ಎಂದು ಹತ್ತು ವರ್ಷದ ಹುಡುಗ ಓದಿಬಿಟ್ಟರೆ ಆ ಹೆಂಗಸು ಮುಂದಿನ ವಾರದಿಂದ ಬರೆಯುವುದಿಲ್ಲ. ಸ್ವೀಡನ್ನಿನ ಪ್ರಬಂಧಗಳಲ್ಲಿ ಈ ಹುಡುಗ ಬರುವುದೇ ಇಲ್ಲ.

ನಮ್ಮ ಕಡೆ ತಿರುಗೋಣ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಯ ಬಗೆ ನೋಡಿಕೊಂಡು, ಚಿಕಿತ್ಸೆ ಸಿಗದವರು ಶೇಕಡಾ 70ರಿಂದ 92. (12 ರಾಜ್ಯಗಳಲ್ಲಿ ನಡೆದ ಸಮೀಕ್ಷೆ. ನಡೆಸಿದವರು ಬೆಂಗಳೂರಿನವರು, ಪಟ್ಟಿಯಲ್ಲಿ ಕರ್ನಾಟಕವೇ ಇರಲಿಲ್ಲ.) ತಜ್ಞರು ಕಡಿಮೆ, ಜನ ಹೆಚ್ಚು ಎನ್ನುವ ಕಷ್ಟ ನಮಗೆ ಹೊಸದಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲೇ ಮಾನಸಿಕ ಕಾಯಿಲೆ ಗುರುತಿಸಿ ಔಷಧಿ ಕೊಡುವ ವ್ಯವಸ್ಥೆ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಅದೇ ಕಷ್ಟಕ್ಕೆ ಸ್ವೀಡನ್ ಬರಹದಲ್ಲಿ ಉತ್ತರ ಹುಡುಕಿತು, ನಾವು ಜನರಲ್ಲಿ ಹುಡುಕಿದೆವು.

ಬರಹವೂ ನಮಗೆ ಅಪರಿಚಿತವಲ್ಲ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ದಶಕಗಳಿಂದ ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದದ್ದು ಎಷ್ಟು ಮನೆಗಳಿಗೆ ಹೋಗಿದೆ ಎಂದು ಲೆಕ್ಕವಿಲ್ಲ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನಗೆ ನೆನಪಾದದ್ದು ನಮ್ಮ ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳು. ‘ನನಗೆ 24 ವರ್ಷ, ಕೈ ಪದೇಪದೇ ತೊಳೆಯಬೇಕೆನಿಸುತ್ತದೆ, ಹೆಸರು ಬೇಡ, ಊರು ಬೇಡ.’ ಕ್ಲಿನಿಕ್ಕಿನ ಬಾಗಿಲಿಗೆ ಬರಲಾರದವರು ಅಂಚೆ ಡಬ್ಬದ ತನಕ ಬಂದರು.

ಹಾಗಾದರೆ ಸ್ವೀಡನ್ನಿನ ಪಾಠಗಳನ್ನು ಕನ್ನಡಕ್ಕೆ ಹಾಕಿಬಿಟ್ಟರೆ ಆಯಿತೇ? ಇಲ್ಲಿ ನಾನು ಸ್ವಲ್ಪ ಜಗಳವಾಡುತ್ತೇನೆ. ಖಿನ್ನತೆ ಎಂಬ ಪದ ನಿಮ್ಮ ಅಮ್ಮನ ಬಾಯಲ್ಲಿ ಯಾವತ್ತಾದರೂ ಕೇಳಿದ್ದೀರಾ? ನನ್ನ ಕೊಠಡಿಗೆ ಬರುವವರು ಹೇಳುವುದು ತಲೆಭಾರ, ಮೈಯೆಲ್ಲ ಉರಿ, ಎದೆಯಲ್ಲಿ ಏನೋ ಕೂತ ಹಾಗೆ, ಯಾವುದಕ್ಕೂ ಮನಸ್ಸಾಗುವುದಿಲ್ಲ. ಇನ್ನು ‘ಬೇಜಾರು’. ಮಳೆ ಬಂದು ಆಟ ನಿಂತರೂ ಬೇಜಾರು, ತಂಗಿ ಮದುವೆಗೆ ಕರೆಯದಿದ್ದರೂ ಬೇಜಾರು, ಬದುಕುವುದೇ ಬೇಡ ಎನಿಸಿದರೂ ಬೇಜಾರು. ‘ಕಳೆದ ಎರಡು ವಾರದಲ್ಲಿ ಎಷ್ಟು ದಿನ ಬೇಜಾರಾಗಿತ್ತು?’ ಎಂದು ಪ್ರಶ್ನಾವಳಿಯಲ್ಲಿ ಹಾಕಿದರೆ ಬಂದ ಉತ್ತರವನ್ನು ಏನೆಂದು ಓದುತ್ತೀರಿ? ಎದುರು ಕೂತಿದ್ದರೆ ‘ಎಂಥ ಬೇಜಾರು?’ ಅಂತ ಕೇಳುತ್ತೇನೆ. ಕಾಗದ ಕೇಳುವುದಿಲ್ಲ. ಇನ್ನೊಂದು. ಖಿನ್ನತೆಯ ಪಾಠದಲ್ಲಿ ಬಹಳ ಮುಖ್ಯವಾದದ್ದು, ನಿಮಗೆ ಇಷ್ಟವಾದ ಚಟುವಟಿಕೆಗಳನ್ನು ದಿನಚರಿಯಲ್ಲಿ ಮತ್ತೆ ಸೇರಿಸಿ ಎನ್ನುವುದು. ಅದನ್ನು ಒಬ್ಬ ಗೃಹಿಣಿಗೆ ಹೇಳಿದಾಗ ಅವರು ನನ್ನನ್ನು ತುಂಬ ಹೊತ್ತು ನೋಡಿ, ‘ಇಷ್ಟವಾದದ್ದಾ? ನನ್ನನ್ನ ಯಾರೂ ಕೇಳಿಲ್ಲ ಮೇಡಂ’ ಎಂದರು. ಆ ಪಾಠವನ್ನು ಇಲ್ಲಿ ಬೇರೆ ಕಡೆಯಿಂದ ಶುರು ಮಾಡಬೇಕು.

ಆಂಡರ್ಸನ್ ಬಳಗಕ್ಕೂ ಇದು ಅರ್ಥವಾಗಿದೆ ಎನ್ನಬೇಕು. ಯುದ್ಧದಿಂದ ಓಡಿಬಂದವರು ಸ್ವೀಡನ್ನಿನಲ್ಲಿ ನೆಲೆಸಿದ ಮೇಲೆ ಅವರು ಅರಬ್ಬಿಯಲ್ಲಿ, ಕುರ್ದಿಶ್ ಭಾಷೆಯ ಸೊರಾನಿ ರೂಪದಲ್ಲಿ ಪಾಠಗಳನ್ನು ಸಿದ್ಧಮಾಡಿ ಪರೀಕ್ಷಿಸಿದ್ದಾರೆ. ನಮ್ಮಲ್ಲಿ ನಿಮ್ಹಾನ್ಸ್‌ನ ಸೀಮಾ ಮೆಹ್ರೋತ್ರಾ ಮತ್ತು ತಂಡ ಪುಶ್-ಡಿ ಎಂಬ ಸ್ವಸಹಾಯ ಕಾರ್ಯಕ್ರಮವನ್ನು ಖಿನ್ನತೆಗೆಂದೇ ಇಲ್ಲಿನವರಿಗಾಗಿ ರೂಪಿಸಿತು. ದಾರಿ ತೆರೆದಿದೆ, ನಡೆಯುವುದು ಬೇಕಾದಷ್ಟಿದೆ.

ಚಾಟ್‌ಬಾಟ್ ಬಗ್ಗೆ ಕೇಳಿಯೇ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಪ್ರೋಗ್ರಾಂ ಬರೆದರು. ನೀವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕಸುಬು. ಅದು ತಯಾರಾಗುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಾಡುವಾಗ ‘ನೀವು ಸ್ವಲ್ಪ ಹೊರಗೆ ಹೋಗುತ್ತೀರಾ?’ ಎಂದು ಕೇಳಿದರಂತೆ. ಯಂತ್ರ ಎಂದು ಗೊತ್ತಿದ್ದೂ ಏಕಾಂತ ಬೇಕೆನಿಸಿತು. 2017ರಲ್ಲಿ ವೋಬಾಟ್ ಎಂಬ ಬಾಟ್ ಅನ್ನು 70 ಯುವಕ ಯುವತಿಯರ ಮೇಲೆ ಪರೀಕ್ಷಿಸಿದಾಗ ಎರಡು ವಾರದಲ್ಲಿ ಖಿನ್ನತೆಯ ಲಕ್ಷಣ ಕಡಿಮೆಯಾದದ್ದು ಕಂಡಿತು. ಎರಡೇ ವಾರ ಎನ್ನುವುದನ್ನು ಮರೆಯಬೇಡಿ. ಈಗಿನ ಬಾಟ್‌ಗಳು ಇನ್ನೂ ಸೊಗಸಾಗಿ ಮಾತಾಡುತ್ತವೆ. ನನ್ನ ಅನುಮಾನ ಇರುವುದು ಒಂದೇ ಕಡೆ. ಗಡುವು ತಪ್ಪಿಸಿದರೆ ಬಾಟ್‌ಗೆ ಬೇಸರವಾಗುವುದಿಲ್ಲ ಎಂದು ಬರೆಯುವವರಿಗೆ ಗೊತ್ತು. ರಾತ್ರಿ ಎರಡು ಗಂಟೆಗೆ ಸಾಯುವ ಯೋಚನೆ ಬಂದಾಗ ಬಾಟ್ ಬೇಡ, ಪಾಠವೂ ಬೇಡ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಉಚಿತ ಸೇವೆ, ಇಪ್ಪತ್ತನಾಲ್ಕು ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ನಾನು ಕಾಯುತ್ತೇನೆ.

ಮುಗಿಸುವ ಮೊದಲು ಮುಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ. ‘ನಮ್ಮ ತಾಯಿಗೆ ಓದು ಬರುವುದಿಲ್ಲ. ಅವರಿಗೆ ಏನು?’ ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಓದು ಬರಹ ಬಲ್ಲವರಿಗೆ ಎಂದು ಈ ಚೀಟಿ ಎರಡು ಸಾಲಿನಲ್ಲಿ ಹೇಳಿಬಿಟ್ಟಿತು. ಇದಕ್ಕೆ ಸ್ವೀಡನ್ನಿನಲ್ಲಿ ಉತ್ತರವಿಲ್ಲ, ಗೋವಾದಲ್ಲಿದೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಜನರನ್ನು ಸೇರಿಸಿಕೊಂಡು 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಿಕಿತ್ಸೆ ಕೊಟ್ಟವರು ಅದೇ ಸೀಮೆಯ ಸಾಮಾನ್ಯ ಜನ, ಮನಶ್ಶಾಸ್ತ್ರ ಓದಿದವರಲ್ಲ. ಸಿಡ್ನಿಯ ಸಹಾಯಕರನ್ನು ನೆನಪಿಸಿಕೊಳ್ಳಿ ಎಂದಿದ್ದೆನಲ್ಲ, ಅದು ಇಲ್ಲಿಗೆ. ಕೊಟ್ಟದ್ದೂ ಅದೇ ಪಾಠದ ಒಂದು ಭಾಗ: ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಕೈಗೆತ್ತಿಕೊಳ್ಳುವುದು. ಆರರಿಂದ ಎಂಟು ಸಲ ಮಾತುಕತೆ, ಕೇಂದ್ರದಲ್ಲಿ, ಬರಲಾಗದಿದ್ದರೆ ಮನೆಗೇ ಹೋಗಿ. ಮಾಮೂಲಿ ಆರೈಕೆಗಿಂತ ಸ್ಪಷ್ಟವಾಗಿ ಹೆಚ್ಚು ಜನ ಗುಣವಾದರು.

ಚೀಟಿ ಬರೆದವರು ಆಮೇಲೆ ನನ್ನನ್ನು ಕಾಣಿ. ನಿಮ್ಮ ತಾಯಿಯವರ ಊರು ಯಾವುದು, ಹತ್ತಿರದ ಆರೋಗ್ಯ ಕೇಂದ್ರ ಯಾವುದು, ಅಲ್ಲಿನ ಆಶಾ ಕಾರ್ಯಕರ್ತೆ ಯಾರು ಅಂತ ಕೇಳಬೇಕು.